ರಕ್ತಪರೀಕ್ಷೆಯೂ ಹೃದಯವೂ

2025ರ ಜೂನ್ ತಿಂಗಳಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವುಗಳ ಸುದ್ದಿ ಒಂದರ ಹಿಂದೊಂದು ಬಂದಾಗ, ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗಾಗಿ ಜನ ಸಾಲುಗಟ್ಟಿ ನಿಂತರು. ಹೀಗೆ ಭಯದಿಂದ ಓಡುವುದಕ್ಕಿಂತ, ರಕ್ತಪರೀಕ್ಷೆ ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂಬುದನ್ನು ಅರಿಯುವುದು ಲೇಸು.

ಲಿಪಿಡ್ ಪ್ರೊಫೈಲ್ ಪರೀಕ್ಷೆಯಲ್ಲಿ ಮುಖ್ಯವಾಗಿ ನೋಡತಕ್ಕದ್ದು ಎಲ್‌ಡಿಎಲ್. ರಕ್ತನಾಳದ ಒಳಗೋಡೆಯಲ್ಲಿ ಸೇರಿಕೊಂಡು ದಾರಿಯನ್ನು ಕಿರಿದುಗೊಳಿಸುವ ಕೊಬ್ಬು ಇದೇ. ಆರೋಗ್ಯವಂತರಲ್ಲಿ ಇದು ಡೆಸಿಲೀಟರಿಗೆ 100 ಮಿಲಿಗ್ರಾಂಗಿಂತ ಕಡಿಮೆ ಇರುವುದು ಒಳಿತು. ಒಮ್ಮೆ ಹೃದಯಾಘಾತವಾದವರಲ್ಲಿ 55ಕ್ಕಿಂತಲೂ ಕೆಳಗಿರಬೇಕು. ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರುವ ಎಚ್‌ಬಿಎ1ಸಿ ಶೇಕಡಾ 6.5 ಅಥವಾ ಅದಕ್ಕೂ ಮೇಲಿದ್ದರೆ ಮಧುಮೇಹ. ಅದೂ ಹೃದಯದ ವೈರಿಯೇ. ಲೈಪೊಪ್ರೋಟೀನ್-ಎ ಎಂಬುದು ವಂಶದಿಂದ ಬರುವಂಥದು. ಸಾಮಾನ್ಯವಾಗಿ ಜೀವಮಾನದಲ್ಲಿ ಒಮ್ಮೆ ನೋಡಿದರೆ ಸಾಕು. ತಂದೆಗೋ ಒಡಹುಟ್ಟಿದವರಿಗೋ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತವಾಗಿದ್ದರೆ ಇದನ್ನು ಮರೆಯದೆ ಮಾಡಿಸಬೇಕು.

ಇವೆಲ್ಲ ಮುಂದಿನ ಅಪಾಯದ ಅಂದಾಜು ಮಾತ್ರ. ಎದೆನೋವು ಬಂದಾಗ ಹಳೆಯ ವರದಿಯನ್ನು ನೆಚ್ಚಿ ಕೂರುವಂತಿಲ್ಲ. ಆಗ ಬೇಕಾದುದು ಇಸಿಜಿ ಮತ್ತು ಟ್ರೋಪೊನಿನ್. ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಸೋರುವ ಈ ಪ್ರೋಟೀನು ಮೊದಲ ಗಂಟೆಗಳಲ್ಲಿ ಕಾಣದಿರಬಹುದು. ಆದ್ದರಿಂದಲೇ ವೈದ್ಯರು ಕೆಲಹೊತ್ತಿನ ಬಳಿಕ ಮತ್ತೊಮ್ಮೆ ಪರೀಕ್ಷಿಸುತ್ತಾರೆ. ಇಟ್ಟಿಗಿಯ ಭಕ್ತರು ಗ್ಯಾಸೆಂದು ಸೋಡಾ ಕುಡಿಯುತ್ತ ಹೊತ್ತು ಕಳೆಯದೆ, 108ಕ್ಕೆ ಕರೆಮಾಡಿ ಹಡಗಲಿಯ ಸರ್ಕಾರಿ ಆಸ್ಪತ್ರೆಯನ್ನು ಸೇರತಕ್ಕದ್ದು.