ಕಲ್ಲಿನೊಳಗಣ ನೀರು

ಭೂಮಿಯ ಮೇಲ್ಮೈಯಲ್ಲಿ ನೂರಕ್ಕೆ ಎಪ್ಪತ್ತರಷ್ಟು ಭಾಗವನ್ನು ನೀರು ಆವರಿಸಿದೆಯೆಂಬುದನ್ನು ನಾವೆಲ್ಲರೂ ಪ್ರಾಥಮಿಕ ಶಾಲೆಯಲ್ಲಿಯೇ ಕಲಿತಿದ್ದೇವೆ. ಆದರೆ ಆ ನೀರು ಎಲ್ಲಿಂದ ಬಂದಿತು? ಮಳೆಯಿಂದ ಎನ್ನೋಣವೆಂದರೆ ಮಳೆಯೇ ಸಮುದ್ರದಿಂದ ಬರುತ್ತದೆ. ಸಮುದ್ರದಿಂದ ಎನ್ನೋಣವೆಂದರೆ ಸಮುದ್ರಕ್ಕೆ ನೀರು ಬಂದದ್ದು ಎಲ್ಲಿಂದ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಸುಮಾರು 450 ಕೋಟಿ ವರ್ಷಗಳ ಹಿಂದೆ ಭೂಮಿ ರೂಪುಗೊಂಡಾಗ ಅದು ಕುದಿಯುವ ಶಿಲಾರಸದ ಗೋಳವಾಗಿತ್ತೆಂದು ವಿಜ್ಞಾನಿಗಳು ಹೇಳುತ್ತಾರೆ. ಅಂಥ ಕೆಂಡದ ಉಂಡೆಯ ಮೇಲೆ ನೀರು ನಿಂತುದಾದರೂ ಹೇಗೆ? ಭೂಗೋಳವನ್ನು ಐಚ್ಛಿಕ ವಿಷಯವಾಗಿ ಓದುತ್ತಿರುವ ನನಗೆ ಈ ಪ್ರಶ್ನೆ ಬಹಳ ದಿನ ಕಾಡಿತು. ಓದಿ ತಿಳಿದಷ್ಟನ್ನು ನನ್ನ ಸಹಪಾಠಿಗಳ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ನೀರಿನ ಊರನ್ನು ಹುಡುಕಲು ವಿಜ್ಞಾನಿಗಳು ಹಿಡಿದಿರುವ ದಾರಿ ಹೈಡ್ರೋಜನ್ನಿನದು. ಇದನ್ನು ಹಿಂದಿನವರು ಜಲಜನಕವೆಂದು ಕರೆದರು. ಹೆಸರೇ ಹೇಳುವಂತೆ ಅದು ನೀರನ್ನು ಹುಟ್ಟಿಸುವ ಧಾತು. ಸಾಧಾರಣ ಜಲಜನಕದ ಪರಮಾಣುವಿನ ನಡುವೆ ಒಂದೇ ಒಂದು ಪ್ರೋಟಾನು ಇರುತ್ತದೆ. ಕೆಲವು ಪರಮಾಣುಗಳಲ್ಲಿ ಮಾತ್ರ ಪ್ರೋಟಾನಿನ ಜೊತೆಗೆ ಒಂದು ನ್ಯೂಟ್ರಾನು ಸೇರಿಕೊಂಡು ತೂಕ ಇಮ್ಮಡಿಯಾಗುತ್ತದೆ. ಇದೇ ಡ್ಯುಟೀರಿಯಂ. ಒಂದೇ ಧಾತುವಿನ ಇಂಥ ಹಗುರ ಮತ್ತು ಭಾರದ ಸೋದರರಿಗೆ ಐಸೊಟೋಪುಗಳೆಂದು ಹೆಸರು. ಡ್ಯುಟೀರಿಯಂ ಇರುವುದನ್ನು 1931ರಲ್ಲಿ ಕಂಡುಹಿಡಿದವರು ಅಮೆರಿಕದ ಹೆರಾಲ್ಡ್ ಯೂರಿ ಮತ್ತು ಅವರ ಸಂಗಡಿಗರು. ಇದಕ್ಕಾಗಿ ಯೂರಿಯವರಿಗೆ 1934ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಇದು ನಮಗೆ ತೀರ ಅಪರಿಚಿತವಾದ ವಸ್ತುವೇನೂ ಅಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಕೈಗಾ ಪರಮಾಣು ವಿದ್ಯುತ್ ಸ್ಥಾವರದಲ್ಲಿ ಬಳಸುವ ಭಾರಜಲವೆಂದರೆ ಡ್ಯುಟೀರಿಯಂ ಸೇರಿದ ನೀರೇ.

ಸಮುದ್ರದ ನೀರಿನಲ್ಲಿ ಹತ್ತು ಲಕ್ಷ ಜಲಜನಕ ಪರಮಾಣುಗಳನ್ನು ಎಣಿಸಿದರೆ ಅವುಗಳಲ್ಲಿ ಸುಮಾರು 156 ಡ್ಯುಟೀರಿಯಂ ಇರುತ್ತವೆ. ಈ ಸಂಖ್ಯೆ ಎಲ್ಲ ಕಡೆಯೂ ಒಂದೇ ಆಗಿರುವುದಿಲ್ಲ. ಸೂರ್ಯನೂ ಗ್ರಹಗಳೂ ಹುಟ್ಟಿದ ಮೂಲ ನೀಹಾರಿಕೆಯ ಅನಿಲದಲ್ಲಿ ಅದು ಕೇವಲ 20ರ ಆಸುಪಾಸಿನಲ್ಲಿತ್ತು. ಸೂರ್ಯನಿಂದ ದೂರದ ಕೊರೆಯುವ ಚಳಿಯಲ್ಲಿ ಕಟ್ಟಿದ ಹಿಮದಲ್ಲಿ ಭಾರದ ಪರಮಾಣುಗಳು ಹೆಚ್ಚಾಗಿ ಸೇರಿಕೊಳ್ಳುತ್ತವೆ. ಆದುದರಿಂದ ಈ ಎಣಿಕೆ ನೀರಿನ ಕುಲಗೋತ್ರ ಹೇಳುವ ಗುರುತಿನಂತೆ ಕೆಲಸಕ್ಕೆ ಬರುತ್ತದೆ.

ಭೂಮಿಗೆ ನೀರು ತಂದುಕೊಟ್ಟವು ಧೂಮಕೇತುಗಳೇ ಇರಬೇಕೆಂದು ಒಂದು ಕಾಲಕ್ಕೆ ಹಲವರು ಭಾವಿಸಿದ್ದರು. 2014ರಲ್ಲಿ ಯೂರೋಪಿನ ರೊಸೆಟ್ಟಾ ನೌಕೆ ಒಂದು ಧೂಮಕೇತುವಿನ ಬಳಿಗೇ ಹೋಗಿ ಅಳೆದಾಗ ಅಲ್ಲಿಯ ಸಂಖ್ಯೆ ಸುಮಾರು 530 ಎಂದು ತಿಳಿದುಬಂದಿತು. ಇದು ನಮ್ಮ ಸಮುದ್ರದ ಮೂರರಷ್ಟಕ್ಕಿಂತ ಹೆಚ್ಚು. ಹಾರ್ಟ್‌ಲಿ-2 ಎಂಬ ಇನ್ನೊಂದು ಧೂಮಕೇತುವಿನಲ್ಲಿ ಸಮುದ್ರದ ಸಂಖ್ಯೆಗೆ ಹತ್ತಿರವಾದುದೇ ಕಂಡದ್ದೂ ಉಂಟು. ಹೀಗೆ ಸಾಕ್ಷಿಗಳು ಒಂದೊಂದು ಕಡೆಗೆ ಎಳೆಯುತ್ತವೆ.

ಇಲ್ಲಿ ಇನ್ನೊಂದು ತೊಡಕಿದೆ. ಸಮುದ್ರದ ಇಂದಿನ ಸಂಖ್ಯೆಯೇ ಅದರ ಹುಟ್ಟಿನ ಸಂಖ್ಯೆಯೂ ಆಗಿತ್ತೆಂದು ಹೇಳಲು ಬರುವುದಿಲ್ಲ. ಕಣದಲ್ಲಿ ರಾಗಿ ತೂರುವುದನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ, ಮಾಡಿಯೂ ಇದ್ದೇವೆ. ಹೊಟ್ಟು ಗಾಳಿಗೆ ಹಾರಿಹೋಗುತ್ತದೆ, ಕಾಳು ಬುಡದಲ್ಲಿ ಉಳಿಯುತ್ತದೆ. ನೀರಾವಿ ಮೇಲೇರಿ ಬಿಸಿಲಿಗೆ ಒಡೆದಾಗ ಆಗುವುದೂ ಇದೇ. ಹಗುರವಾದ ಜಲಜನಕ ಹೆಚ್ಚಾಗಿ ಆಕಾಶಕ್ಕೆ ತಪ್ಪಿಸಿಕೊಂಡು ಹೋಗುತ್ತದೆ, ಭಾರದ್ದು ಹಿಂದೆ ಉಳಿಯುತ್ತದೆ. ಶುಕ್ರಗ್ರಹದಲ್ಲಿ ಈ ತೂರುವಿಕೆ ಎಷ್ಟು ನಡೆದಿದೆಯೆಂದರೆ ಅಲ್ಲಿಯ ಡ್ಯುಟೀರಿಯಂ ಪ್ರಮಾಣ ನಮ್ಮದರ ನೂರು ಪಟ್ಟಿಗೂ ಮಿಗಿಲಾಗಿದೆ. ಆದ್ದರಿಂದ ಭೂಮಿಯ ಮೊದಲ ನೀರಿನ ಗುರುತು ಬೇಕಾದರೆ ತೂರುವ ಗಾಳಿಯೇ ತಾಗದ ಜಾಗವನ್ನು ಹುಡುಕಬೇಕು.

ಅಂಥ ಜಾಗ ನಮ್ಮ ಕಾಲ ಕೆಳಗೇ ಇದೆ. ಭೂಕವಚದ ಕೆಳಗಿನಿಂದ ಸುಮಾರು 2,900 ಕಿಲೋಮೀಟರು ಆಳದವರೆಗೆ ಹಬ್ಬಿರುವ ಕಲ್ಲಿನ ಪದರಕ್ಕೆ ಮ್ಯಾಂಟಲ್ ಎಂದು ಹೆಸರು. ಅಲ್ಲಿಗೆ ಯಾರೂ ಇಳಿದಿಲ್ಲ. 2001ರಲ್ಲಿ ಮುಚ್ಚಿದ ನಮ್ಮ ಕೋಲಾರದ ಚಿನ್ನದ ಗಣಿ ಸುಮಾರು 3 ಕಿಲೋಮೀಟರು ಆಳಕ್ಕೆ ಹೋಗಿತ್ತು. ರಷ್ಯದ ಕೋಲಾ ಎಂಬಲ್ಲಿ ಕೊರೆದ ಕೊಳವೆ 1989ರಲ್ಲಿ 12,262 ಮೀಟರು ಮುಟ್ಟಿ ಅಲ್ಲಿಯೇ ನಿಂತಿತು. ಭೂಖಂಡಗಳ ಕೆಳಗೆ ಮ್ಯಾಂಟಲ್ ಆರಂಭವಾಗುವುದೇ ಸಾಮಾನ್ಯವಾಗಿ 35-40 ಕಿಲೋಮೀಟರಿನ ಆಚೆ! ನಾವು ಅಲ್ಲಿಗೆ ಹೋಗಲಾರೆವು. ಆದರೆ ಜ್ವಾಲಾಮುಖಿಗಳು ಅಲ್ಲಿಯ ಪದಾರ್ಥವನ್ನು ನಮ್ಮ ಬಳಿಗೆ ತಂದು ಸುರಿಯುತ್ತವೆ.

ಕೆನಡಾದ ಉತ್ತರ ಭಾಗದ ಬ್ಯಾಫಿನ್ ದ್ವೀಪದಲ್ಲಿ ಸುಮಾರು ಆರು ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಇಂಥ ಪದಾರ್ಥ. ಅದರಲ್ಲಿ ಹೀಲಿಯಂ-3 ಎಂಬ ಹಗುರ ಹೀಲಿಯಂ ಅಸಾಧಾರಣವಾಗಿ ಹೆಚ್ಚಿದೆ. ಭೂಮಿ ಹುಟ್ಟುವಾಗ ಒಳಗೆ ಸಿಕ್ಕಿಕೊಂಡ ಅನಿಲವಿದು. ಆದುದರಿಂದ ಈ ಲಾವಾ ಬಹು ಪುರಾತನವಾದ, ಹೆಚ್ಚು ಕಲಕದೆ ಉಳಿದ ಆಳದಿಂದ ಬಂದಿರಬೇಕೆಂದು ಊಹಿಸಿದರು. ಈ ಕಲ್ಲಿನಲ್ಲಿ ಆಲಿವಿನ್ ಎಂಬ ಹಸಿರು ಹರಳುಗಳಿವೆ. ಬೆಲ್ಲದ ಅಚ್ಚಿನೊಳಗೆ ಇರುವೆ ಸಿಕ್ಕಿಕೊಳ್ಳುವಂತೆ, ಹರಳು ಬೆಳೆಯುವಾಗ ಶಿಲಾರಸದ ಸಣ್ಣ ಹನಿಗಳು ಅದರೊಳಗೆ ಸೆರೆಯಾಗಿ ಗಾಜಿನಂತೆ ಗಟ್ಟಿಯಾಗಿವೆ. ಲಿಡಿಯಾ ಹ್ಯಾಲಿಸ್ ಎಂಬ ವಿದುಷಿ ಮತ್ತು ಅವರ ಸಂಗಡಿಗರು ಈ ಹನಿಗಳ ಮೇಲೆ ಅಯಾನುಗಳ ಕಿರಣ ಹಾಯಿಸಿ, ಹೊರಬಿದ್ದ ಪರಮಾಣುಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಎಣಿಸಿದರು. 2015ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದಲ್ಲಿ ಅತಿ ಕಡಿಮೆಯ ಎಣಿಕೆ, ಸಮುದ್ರಕ್ಕಿಂತ ಸಾವಿರಕ್ಕೆ 218 ಪಾಲು ಕಡಿಮೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ 156ರ ಬದಲು ಸುಮಾರು 122.

ಇದರ ಅರ್ಥವೇನು? ಭೂಮಿಗೆ ನೀರು ಕೊನೆಯಲ್ಲಿ ಬಂದ ಅತಿಥಿಯಲ್ಲ. ಭೂಮಿಯನ್ನು ಕಟ್ಟಿದ ಧೂಳಿನ ಕಣಗಳಿಗೇ ಮೂಲ ನೀಹಾರಿಕೆಯ ನೀರು ಅಂಟಿಕೊಂಡು ಬಂದಿತ್ತೆಂದು ಅವರು ವಾದಿಸಿದರು. ಈ ವಾದಕ್ಕೆ ಆಕ್ಷೇಪಗಳೂ ಸಾಧ್ಯ. ಧ್ರುವಪ್ರದೇಶದ ಹಿಮದ ನೀರಿನಲ್ಲಿಯೂ ಡ್ಯುಟೀರಿಯಂ ಕಡಿಮೆ. ಅದೇ ಕಲ್ಲಿನೊಳಗೆ ಇಂಗಿದ್ದರೆ? ಬಿಸಿ ಹರಳಿನ ಮೂಲಕ ಜಲಜನಕ ನುಸುಳಿ ಸಂಖ್ಯೆ ಬದಲಾಗಿದ್ದರೆ? ಹರಳಿನೊಳಗೆ ಮುಚ್ಚಿಹೋದ ಹನಿಗಳನ್ನೇ ಆರಿಸಿಕೊಳ್ಳುವುದು ಇಂಥ ಸಂದೇಹಗಳನ್ನು ಕಡಿಮೆ ಮಾಡಲೆಂದೇ. ಮುಂದೆ 2020ರಲ್ಲಿ ಲೊರೆಟ್ ಪಿಯಾನಿ ಮತ್ತು ಸಂಗಡಿಗರು, ಭೂಮಿಯ ಮೂಲದ್ರವ್ಯವನ್ನು ಹೋಲುವ, ಒಣಗಿದವೆಂದು ಭಾವಿಸಲಾಗಿದ್ದ ಎನ್‌ಸ್ಟಟೈಟ್ ಜಾತಿಯ ಉಲ್ಕಾಶಿಲೆಗಳಲ್ಲಿ ಜಲಜನಕವನ್ನು ಅಳೆದರು. ಇಡೀ ಭೂಮಿ ಅಂಥ ಕಲ್ಲಿನಿಂದಲೇ ಆಗಿದ್ದರೆ ಇಂದಿನ ಸಮುದ್ರಗಳ ಕನಿಷ್ಠ ಮೂರರಷ್ಟು ನೀರಿಗೆ ಅದು ಸಾಕಾಗುತ್ತಿತ್ತು! ಅವುಗಳ ಐಸೊಟೋಪುಗಳ ಪ್ರಮಾಣವೂ ಮ್ಯಾಂಟಲಿನದಕ್ಕೆ ಹೊಂದಿಕೆಯಾಗುತ್ತದೆ. ದಾರಿ ಬೇರೆಯಾದರೂ ಎರಡೂ ಸಂಶೋಧನೆಗಳು ತೋರುವುದು ಒಂದೇ ದಿಕ್ಕನ್ನು: ನೀರಿನ ಬಹುಪಾಲು ಭೂಮಿಯ ಹುಟ್ಟಿನೊಡನೆಯೇ ಬಂದಿರಬಹುದು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಬ್ರೆಜಿಲ್ ದೇಶದ ಒಂದು ವಜ್ರದೊಳಗೆ ರಿಂಗ್‌ವುಡೈಟ್ ಎಂಬ ಖನಿಜ ಸಿಕ್ಕಿದ್ದು 2014ರಲ್ಲಿ ಪ್ರಕಟವಾಯಿತು. 410ರಿಂದ 660 ಕಿಲೋಮೀಟರು ಆಳದ ಪದರ ಕೆಲವೆಡೆಯಾದರೂ ನೂರಕ್ಕೆ ಒಂದು ಪಾಲಿನಷ್ಟು ನೀರನ್ನು ಹಿಡಿದಿರಬಹುದೆಂದು ಅದರಿಂದ ತಿಳಿಯಿತು. ‘ಭೂಗರ್ಭದಲ್ಲಿ ಸಮುದ್ರ’ ಎಂಬ ಸುದ್ದಿ ಎಲ್ಲೆಡೆ ಹಬ್ಬಿ ನಮ್ಮೂರಿಗೂ ಬಂದಿತು. ನಮ್ಮ ಹೊಲದಲ್ಲಿ ಎರಡು ಕೊಳವೆಬಾವಿಗಳು ಬತ್ತಿದ್ದವು. ಮೂರನೆಯದಕ್ಕೆ ಸಾಲ ಮಾಡುವ ಯೋಚನೆಯಲ್ಲಿದ್ದ ಅಪ್ಪ, ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗನಾದ ನನ್ನನ್ನು ಕೇಳಿದರು: “ನೀನು ಓದಿದೋನು, ಹೇಳಪ್ಪ. ಇನ್ನೂ ಆಳಕ್ಕೆ ಕೊರೆಸಿದರೆ ಆ ಸಮುದ್ರ ಸಿಗೋದಿಲ್ವಾ?” ಸಾವಿರ ಅಡಿ ಎಂದರೆ ಒಂದು ಕಿಲೋಮೀಟರಿನ ಮೂರನೆಯ ಒಂದು ಪಾಲೂ ಅಲ್ಲ, ಅಲ್ಲದೆ ಆಳದ ಆ ನೀರು ಹರಿಯುವ ನೀರಲ್ಲ, ಕಲ್ಲಿನ ಹರಳಿನಲ್ಲಿ ಜಲಜನಕವೂ ಆಮ್ಲಜನಕವೂ ಬೆಸೆದುಕೊಂಡಿರುವ ರೂಪವಷ್ಟೇ, ಯಾವ ಪಂಪಿಗೂ ಅದು ಏರದು ಎಂದು ವಿವರಿಸಿದೆ. ನಮ್ಮ ಬಾವಿಗೆ ಬರುವುದು ಮೇಲಿನಿಂದ ಇಂಗಿದ ಮಳೆಯ ನೀರು ಮಾತ್ರ. ಅಪ್ಪ ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಹೊಲದ ತಗ್ಗಿನಲ್ಲಿ ಕೃಷಿಹೊಂಡ ತೋಡಿಸುವ ಮಾತೆತ್ತಿದರು.

ವಿಜ್ಞಾನದ ಇಂಥ ವಿಷಯಗಳು ವಿಜ್ಞಾನ ವಿಭಾಗದವರ ಸೊತ್ತು ಮಾತ್ರವೆಂದು ನಮ್ಮಲ್ಲಿ ಕೆಲವರು ತಿಳಿದಿದ್ದಾರೆ. ಆದರೆ ನಮ್ಮ ಮನೆಗಳಲ್ಲಿ ಸಂದೇಹ ಬಂದಾಗ ಉತ್ತರಕ್ಕಾಗಿ ನಮ್ಮ ಮುಖವನ್ನೇ ನೋಡುತ್ತಾರೆ. ಬಿ.ಎ. ಓದುವವರು, ಬಿ.ಎಸ್ಸಿ. ಓದುವವರು ಎಂಬ ಭೇದ ಅಲ್ಲಿ ಇಲ್ಲ. ಇದ್ದುದನ್ನು ಇದ್ದಂತೆ, ಅವರಿಗೆ ತಿಳಿಯುವ ನುಡಿಯಲ್ಲಿ ಹೇಳುವ ಹೊಣೆ ನಮ್ಮೆಲ್ಲರದು. ನೀರಿನ ಹುಟ್ಟಿನ ಪ್ರಶ್ನೆ ಇನ್ನೂ ಪೂರ್ತಿಯಾಗಿ ಬಗೆಹರಿದಿಲ್ಲ. ಬ್ಯಾಫಿನ್ನಿನಂಥ ಇನ್ನಷ್ಟು ಪುರಾತನ ಲಾವಾಗಳನ್ನು ಅಳೆದು ನೋಡಿದ ಮೇಲೆಯೇ 122 ಎಂಬ ಸಂಖ್ಯೆ ಎಷ್ಟರಮಟ್ಟಿಗೆ ನಿಲ್ಲುತ್ತದೆಂಬುದು ತಿಳಿಯಬೇಕಾಗಿದೆ.