ಹೆಸರಿನ ತೊಡಕು

ಲೋಕವ್ಯವಹಾರವು ನಡೆಯುವುದು ಹೆಸರುಗಳಿಂದ. ಒಂದು ವಸ್ತುವನ್ನು ಮತ್ತೊಂದರಿಂದ ಬೇರ್ಪಡಿಸಿ ತೋರುವುದೇ ಹೆಸರಿನ ಕೆಲಸ. ಒಂದೇ ತರಗತಿಯಲ್ಲಿ ಇಬ್ಬರು ಮಂಜುನಾಥರಿದ್ದರೆ, ಉಪಾಧ್ಯಾಯರು ಊರಿನ ಇಲ್ಲವೆ ತಂದೆಯ ಹೆಸರಿನ ಮೊದಲಕ್ಷರವನ್ನು ಸೇರಿಸಿ ಹಾಜರಿ ಕರೆಯುತ್ತಾರೆ. ಮನುಷ್ಯನಿಗೆ ವಿವೇಚನೆಯುಂಟು, ಸಂದೇಹ ಬಂದರೆ "ಯಾವ ಮಂಜುನಾಥ?" ಎಂದು ಕೇಳಬಲ್ಲನು. ಗಣಕಯಂತ್ರವು ಹಾಗೆ ಕೇಳುವುದಿಲ್ಲ. ಹೇಳಿದುದನ್ನು ಹೇಳಿದಂತೆಯೇ ನಡೆಸುತ್ತದೆ.

ಬೀಜಗಣಿತದ ಚರಾಕ್ಷರಗಳನ್ನು ನೀವು ಬಲ್ಲಿರಿ. ಗಣಕಕ್ಕೆ ಕೊಡುವ ಆದೇಶಗಳ ಸರಣಿಯಾದ ಪ್ರೋಗ್ರಾಮಿನಲ್ಲಿಯೂ ಚರಗಳಿರುತ್ತವೆ. ಅಲ್ಲಿ ಚರವೆಂಬುದು ಹೆಸರಿನ ಚೀಟಿ ಅಂಟಿಸಿದ ಡಬ್ಬಿಯಿದ್ದಂತೆ. ಅದರಲ್ಲಿ ಒಂದು ಬೆಲೆಯನ್ನು ಇಡಬಹುದು. ಬೇರೊಂದನ್ನು ಇಟ್ಟರೆ ಮೊದಲಿನದು ಅಳಿದುಹೋಗುತ್ತದೆ.

ಜಾಲಪುಟಗಳಲ್ಲಿ ಬಳಕೆಯಾಗುವ ಜಾವಾಸ್ಕ್ರಿಪ್ಟ್ ಎಂಬ ಗಣಕಭಾಷೆಯನ್ನು 1995ರಲ್ಲಿ ಅಮೆರಿಕದ ನೆಟ್‌ಸ್ಕೇಪ್ ಸಂಸ್ಥೆಯಲ್ಲಿದ್ದ ಬ್ರೆಂಡನ್ ಐಕ್ ಅವರು ರೂಪಿಸಿದರು. ಅದರ ಹಳೆಯ ಪದ್ಧತಿಯಲ್ಲಿ, ಒಂದು ಪುಟದ ಬೇರೆ ಬೇರೆ ಪ್ರೋಗ್ರಾಮುಗಳು ಬಹಿರಂಗವಾಗಿ ಘೋಷಿಸಿದ ಚರಗಳೆಲ್ಲವೂ ಒಂದೇ ಅಂಗಳಕ್ಕೆ ಸೇರುತ್ತವೆ.

ಪ್ರೋಗ್ರಾಮನ್ನೆಲ್ಲ ಮನುಷ್ಯನೇ ಬರೆಯಬೇಕೆಂದಿಲ್ಲ. ಒಂದು ಅಚ್ಚನ್ನು ಸಿದ್ಧಪಡಿಸಿಟ್ಟರೆ, ಅದರಿಂದ ಬೇಕಾದಷ್ಟು ಭಾಗಗಳನ್ನು ತಾನೇ ಬರೆದುಕೊಡುವ ಸಾಧನಗಳುಂಟು. ಒಂದೇ ಅಚ್ಚಿನ ಇಟ್ಟಿಗೆಗಳಂತೆ ಆ ಭಾಗಗಳು ಒಂದನ್ನೊಂದು ಹೋಲುತ್ತವೆ. ಹೋಲಿಕೆಯು ಇಟ್ಟಿಗೆಗೆ ಗುಣ, ಹೆಸರಿಗೆ ದೋಷ.

ಒಂದು ಶಾಲೆಯ ಜಾಲಪುಟದಲ್ಲಿ ಗ್ರಂಥಾಲಯದ್ದೊಂದು, ವಿದ್ಯಾರ್ಥಿವೇತನದ್ದೊಂದು ಪಟ್ಟಿ ಇವೆಯೆಂದು ಭಾವಿಸೋಣ. ಎರಡು ಭಾಗಗಳನ್ನೂ ಯಂತ್ರವು ಒಂದೇ ಅಚ್ಚಿನಿಂದ ಬರೆದು, ಎರಡರಲ್ಲಿಯೂ 'ಒಟ್ಟು' ಎಂಬ ಚರವನ್ನು ಇರಿಸಿದೆ. ಮೊದಲ ಭಾಗವು ಪುಸ್ತಕಗಳನ್ನು ಎಣಿಸಿ ಅದರಲ್ಲಿ 1200 ಎಂದು ಇಡುತ್ತದೆ. ಎರಡನೆಯದು ವಿದ್ಯಾರ್ಥಿವೇತನ ಪಡೆಯುವವರನ್ನು ಎಣಿಸಿ ಅದೇ ಡಬ್ಬಿಯಲ್ಲಿ 45 ಎಂದು ಇಡುತ್ತದೆ. ಅನಂತರ ಯಾರಾದರೂ ಪುಸ್ತಕಗಳ ಸಂಖ್ಯೆ ಕೇಳಿದರೆ 45 ಎಂಬ ಉತ್ತರ ಬರುತ್ತದೆ. ಪ್ರತ್ಯೇಕವಾಗಿ ಪರೀಕ್ಷಿಸಿದರೆ ಎರಡು ಭಾಗಗಳೂ ಸರಿಯೇ. ಕೂಡಿದಾಗ ಮಾತ್ರ ತಪ್ಪು. ಯಂತ್ರವು ನಿಂತುಹೋಗಿದ್ದರೆ ಕೂಡಲೇ ತಿಳಿಯುತ್ತಿತ್ತು. ಸದ್ದಿಲ್ಲದೆ ತಪ್ಪು ಉತ್ತರ ಕೊಡುವುದೇ ಇಲ್ಲಿನ ಅಪಾಯ. ಪುಸ್ತಕಗಳ ಲೆಕ್ಕವಾದರೆ ಮತ್ತೆ ಎಣಿಸಬಹುದು. ಆಸ್ಪತ್ರೆಯಲ್ಲಿ ಔಷಧದ ಪ್ರಮಾಣವೇ ಹೀಗೆ ಅದಲುಬದಲಾದರೆ ಗತಿಯೇನು?

ಇದಕ್ಕೆ ಪರಿಹಾರಗಳುಂಟು. ಮೊದಲನೆಯದು, ಎಲ್ಲಿಯೂ ಬಳಸದ ಹೊಸ ಹೆಸರನ್ನು ಯಂತ್ರವೇ ಸೃಷ್ಟಿಸುವಂತೆ ಮಾಡುವುದು. ಲಿಸ್ಪ್ ವಂಶದ ಭಾಷೆಗಳಲ್ಲಿ ಹೀಗೆ ತಾನಾಗಿ ಹುಟ್ಟುವ ಬರಹದ ಹೆಸರುಗಳು ಇತರ ಹೆಸರುಗಳೊಡನೆ ಬೆರೆಯದಂತೆ ಕಾಯುವ ಕ್ರಮವೊಂದನ್ನು 1986ರಲ್ಲಿ ಯೂಜೀನ್ ಕೋಲ್‌ಬೆಕರ್ ಮತ್ತು ಸಂಗಡಿಗರು ಪ್ರಕಟಿಸಿದರು. ಆ ಗುಣಕ್ಕೆ ಅವರು ಇಟ್ಟ ಹೆಸರಿನ ಅರ್ಥ 'ನೈರ್ಮಲ್ಯ'. ಎರಡನೆಯದು, ಪ್ರತಿಯೊಂದು ಭಾಗಕ್ಕೂ ಬೇಲಿ ಹಾಕುವುದು. 2015ರಲ್ಲಿ ಜಾವಾಸ್ಕ್ರಿಪ್ಟ್ ಭಾಷೆಗೆ ಸೇರಿದ ಹೊಸ ನಿಯಮಗಳಿಂದ ಚರವನ್ನು ಅದರ ಆವರಣದೊಳಗೇ ಉಳಿಸಿಕೊಳ್ಳುವುದು ಸುಲಭವಾಯಿತು. ಹೊಸ ರೀತಿಯಲ್ಲಿ ಒಂದೇ ಆವರಣದೊಳಗೆ ಒಂದೇ ಹೆಸರನ್ನು ಎರಡು ಬಾರಿ ಘೋಷಿಸಿದರೆ, ಯಂತ್ರವು ದೋಷವಿದೆಯೆಂದು ತಿಳಿಸುತ್ತದೆ. ಹಳೆಯ ರೀತಿಯೂ ಬಳಕೆಯಲ್ಲಿ ಉಳಿದಿರುವುದರಿಂದ ಎಚ್ಚರಿಕೆ ತಪ್ಪಿದ್ದಲ್ಲ.

ಯಂತ್ರವು ಕ್ಷಣದಲ್ಲಿ ಸಾವಿರ ಸಾಲುಗಳನ್ನು ಬರೆಯಬಲ್ಲುದು. ಆದರೆ ಯಾವ ಹೆಸರು ಯಾವುದಕ್ಕೆ ಸಲ್ಲಬೇಕು, ಅದರ ಎಲ್ಲೆ ಯಾವುದು ಎಂಬುದನ್ನು ಮೊದಲೇ ನಿಶ್ಚಯಿಸಬೇಕಾದವನು ಮನುಷ್ಯನು. ಬಿಡಿಬಿಡಿಯಾಗಿ ಸರಿಯಾದುದು ಕೂಡಿದಾಗಲೂ ಸರಿಯಾಗಿರುವುದೇ ಎಂದು ಪರೀಕ್ಷಿಸುವ ಹೊಣೆಯೂ ಅವನದೇ.