ಯಾರ ಲೆಕ್ಕಕ್ಕೂ ಸಿಗದ ಹಗಲು

ಸಹಕಾರನಗರ, ಯಲಹಂಕ ನ್ಯೂಟೌನ್, ಮತ್ತಿಕೆರೆ, ಆರ್.ಟಿ. ನಗರದಂಥ ಬಡಾವಣೆಗಳಲ್ಲಿ ಬೆಳಿಗ್ಗೆ ಹತ್ತಾಗುವಷ್ಟರಲ್ಲಿ ಮನೆಯ ಗಡಿಬಿಡಿ ಮುಗಿದಿರುತ್ತದೆ. ಶಾಲೆಯ ವ್ಯಾನು ಹೋಗಿರುತ್ತದೆ. ದುಡಿಯುವವರು ಹೆಬ್ಬಾಳದ ಮೇಲ್ಸೇತುವೆಯ ದಟ್ಟಣೆಯಲ್ಲಿ ಸಿಕ್ಕಿಕೊಂಡಿರುತ್ತಾರೆ. ಮನೆಯಲ್ಲಿ ಉಳಿಯುವವರು ಪಾರ್ಶ್ವವಾಯುವಿನಿಂದ ಒಂದು ಕೈ ಸೋತ ತಂದೆ, ಮರೆವಿನ ಕಾಯಿಲೆಯ ಅತ್ತೆ, ವಿಶೇಷ ಶಾಲೆಯ ವಯಸ್ಸು ದಾಟಿದ ಮಗ. ಜೊತೆಗೆ ಅವರನ್ನು ನೋಡಿಕೊಳ್ಳುವ ಒಬ್ಬರು. ಸ್ನಾನ, ತಿಂಡಿ, ಮಾತ್ರೆ ಆಗಿದೆ. ಊಟಕ್ಕೆ ಇನ್ನೂ ಮೂರು ಗಂಟೆ ಇದೆ. ಟಿ.ವಿ. ಹಾಕಿ ಕೂರಿಸುತ್ತಾರೆ. ಊಟ, ನಿದ್ದೆ, ಮತ್ತೆ ಟಿ.ವಿ. ಸಂಜೆ ಬಂದವರು ಕೇಳುವ ಪ್ರಶ್ನೆಗಳೂ ಗೊತ್ತಿರುವಂಥವೇ: ಊಟ ಮಾಡಿದರಾ, ಮಾತ್ರೆ ತಗೊಂಡರಾ, ಬಿದ್ದಿಲ್ಲ ತಾನೆ? ಇವತ್ತು ಏನು ಮಾಡಿದರು ಎಂದು ಕೇಳುವವರು ಅಪರೂಪ.

ದೇಹ ಶುಚಿಯಾಗಿ, ಸುರಕ್ಷಿತವಾಗಿ ಇದ್ದರೆ ಆರೈಕೆ ಆಯಿತು ಎಂಬ ತಿಳಿವಳಿಕೆ ಮನೆ, ಆಸ್ಪತ್ರೆ, ಸರ್ಕಾರಿ ಕಡತ ಎಲ್ಲ ಕಡೆಯೂ ಒಂದೇ ಬಗೆಯದು. ಹಿರಿಯ ನಾಗರಿಕರ ಪಾಲನೆ ಪೋಷಣೆಗೆಂದು ಬಂದ 2007ರ ಕಾಯ್ದೆ ಜೀವನಾಂಶದಲ್ಲಿ ಎಣಿಸುವುದು ಅನ್ನ, ಬಟ್ಟೆ, ವಸತಿ, ವೈದ್ಯಕೀಯ ಚಿಕಿತ್ಸೆಯನ್ನು. ಅದೇ ಕಾಯ್ದೆ ಹಿರಿಯರು ಸಹಜ ಜೀವನ ನಡೆಸುವಂತಾಗಬೇಕು ಎಂದೂ ಹೇಳುತ್ತದೆ. ಆದರೆ ಆ ಸಹಜ ಜೀವನದಲ್ಲಿ ಹಗಲಿನ ಆರೇಳು ಗಂಟೆ ಏನು ನಡೆಯಬೇಕು ಎಂಬುದನ್ನು ಯಾರೂ ಬಿಡಿಸಿ ನೋಡಿಲ್ಲ.

ಕಾರ್ಖಾನೆಯ ಊರಿಗೆ ವಯಸ್ಸಾಯಿತು

ಬೆಂಗಳೂರು ಉತ್ತರದ ಈ ಪ್ರಶ್ನೆಗೆ ತನ್ನದೇ ಚರಿತ್ರೆ ಇದೆ. 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಜಾಲಹಳ್ಳಿಯ ಸುತ್ತ ನೆಲೆಯೂರಿದವು. 1961ರಲ್ಲಿ ಕೈಗಡಿಯಾರದ ಕಾರ್ಖಾನೆ ಬಂತು. ಯಶವಂತಪುರದ ಆಸುಪಾಸಿನಲ್ಲಿ ಸಾಬೂನು ಕಾರ್ಖಾನೆ, ಮಂಡಿ, ರೈಲ್ವೆ ಕೆಲಸ. 1984ರಲ್ಲಿ ಯಲಹಂಕದಲ್ಲಿ ರೈಲು ಗಾಲಿಯ ಕಾರ್ಖಾನೆ ಶುರುವಾಯಿತು. ಶಿಫ್ಟಿನ ಸೈರನ್ನಿಗೆ ಎದ್ದು ಮಲಗಿದ ಒಂದಿಡೀ ತಲೆಮಾರು ಇಲ್ಲಿ ಸೈಟು ಕೊಂಡು ಮನೆ ಕಟ್ಟಿತು. ಈಗ ಆ ತಲೆಮಾರಿಗೆ ಎಪ್ಪತ್ತು, ಎಂಬತ್ತು. ಮಕ್ಕಳು ವಿಮಾನ ನಿಲ್ದಾಣದ ರಸ್ತೆಯ ಕಚೇರಿಗಳಲ್ಲೋ ಹೊರದೇಶದಲ್ಲೋ ಇದ್ದಾರೆ. ನೆಲಮಹಡಿಯನ್ನು ಅಂಗಡಿಗೆ ಬಾಡಿಗೆ ಕೊಟ್ಟು ಮಾಲೀಕರು ಮೇಲಿನ ಮಹಡಿಗೆ ಸರಿದ ಮನೆಗಳು ಬೇಕಾದಷ್ಟಿವೆ. ಬಾಡಿಗೆ ಬರುತ್ತದೆ, ನಿಜ; ಮಂಡಿನೋವು ಶುರುವಾದ ಮೇಲೆ ಬೀದಿ ಕಣ್ಣಿಗಷ್ಟೇ ಸಿಗುತ್ತದೆ. ಜಗಲಿಯಲ್ಲಿ ಕೂತರೆ ಹೊತ್ತು ತಾನಾಗಿ ಹೋಗುತ್ತಿದ್ದ ಕಾಲದಲ್ಲಿ ಯಾರೂ ಯೋಚಿಸಬೇಕಾಗಿರದ ಕೆಲಸವನ್ನು ಈಗ ಯಾರಾದರೂ ಯೋಜಿಸಿಯೇ ಮಾಡಬೇಕು.

2011ರ ಜನಗಣತಿಯಲ್ಲಿ ಅರವತ್ತು ದಾಟಿದವರ ಪಾಲು ದೇಶದಲ್ಲಿ ಶೇ 8.6 ಇದ್ದರೆ ಕರ್ನಾಟಕದಲ್ಲಿ ಶೇ 9.5. ಅರವತ್ತು ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜಿಸಿತು. ಪಾರ್ಶ್ವವಾಯು, ಪಾರ್ಕಿನ್ಸನ್, ಬೌದ್ಧಿಕ ಅಂಗವೈಕಲ್ಯ ಇರುವವರು ಇದರ ಹೊರಗೆ.

ಕೈ ಮರೆಯುವುದಿಲ್ಲ

ಡಿಮೆನ್ಶಿಯಾದಲ್ಲಿ ನೆನಪುಗಳೆಲ್ಲ ಒಂದೇ ವೇಗದಲ್ಲಿ ಅಳಿಯುವುದಿಲ್ಲ. ನಿನ್ನೆ ಯಾರು ಬಂದಿದ್ದರು ಎಂಬುದು ಮೊದಲು ಹೋಗುತ್ತದೆ. ದಶಕಗಳ ಕಾಲ ಮಾಡಿದ ಕೆಲಸದ ಚಲನೆ, ಬಾಯಿಪಾಠವಾದ ಹಾಡು ಬಹಳ ತಡವಾಗಿ ಹೋಗುತ್ತವೆ. ಡಿಸೆಂಬರ್–ಜನವರಿಯ ಅವರೆ ಕಾಲದಲ್ಲಿ ಇದನ್ನು ಯಾವ ಮನೆಯಲ್ಲಾದರೂ ನೋಡಬಹುದು. ರಾತ್ರಿ ನೆನೆಹಾಕಿದ ಕಾಳನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಒತ್ತಿದರೆ ಸಿಪ್ಪೆ ಬೆರಳಲ್ಲಿ ಉಳಿದು ಬೇಳೆ ಪಾತ್ರೆಗೆ ಜಾರುತ್ತದೆ. ಮಗಳ ಹೆಸರಿಗೆ ತಡಕಾಡುವ ತಾಯಿ ಒಂದು ಸೇರು ಕಾಳನ್ನು ಹೀಗೆ ಹಿತುಕಿ ಮುಗಿಸುತ್ತಾರೆ. ನಡುವೆ ಹುಳುಕು ಕಂಡರೆ ಪಕ್ಕಕ್ಕಿಡುತ್ತಾರೆ, ಎಳೆಯದನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ, ಪಕ್ಕದಲ್ಲಿ ಕೂತವರು ನಿಧಾನ ಮಾಡಿದರೆ ಗದರುತ್ತಾರೆ. ಆ ಗದರಿಕೆಯಲ್ಲಿ ಹಳೆಯ ಯಜಮಾನಿ ಹಾಗೇ ಇದ್ದಾರೆ. ಹೂ ಕಟ್ಟುವುದು, ಬತ್ತಿ ಹೊಸೆಯುವುದು, ಸೊಪ್ಪು ಬಿಡಿಸುವುದು, ಹುಣಸೆಹಣ್ಣಿನ ಬೀಜ ತೆಗೆಯುವುದು, ಒಗೆದ ಬಟ್ಟೆ ಮಡಿಸುವುದು ಇದೇ ಜಾತಿಯ ಕೆಲಸಗಳು.

ಎಲ್ಲರಿಗೂ ಅಡುಗೆಮನೆಯ ಕೆಲಸ ಒಗ್ಗದು. ಗಡಿಯಾರದ ಬಿಡಿಭಾಗ ಜೋಡಿಸಿದವರಿಗೆ ಅಳತೆಗೆ ತಕ್ಕಂತೆ ಸ್ಕ್ರೂ ಬೇರ್ಪಡಿಸುವುದು, ಲೆಕ್ಕಪತ್ರ ಬರೆದವರಿಗೆ ಹಾಲಿನ ಲೆಕ್ಕ, ಮಂಡಿಯಲ್ಲಿದ್ದವರಿಗೆ ತೂಕ ಮಾಡುವುದು ಹತ್ತಿರವಾದೀತು. ಮಕ್ಕಳ ಬಣ್ಣದ ಪುಸ್ತಕವನ್ನು ಎಂಬತ್ತು ವರ್ಷದ ನಿವೃತ್ತ ಫೋರ್‌ಮನ್ ಮುಂದಿಟ್ಟು, ಅವರು ಆಸಕ್ತಿ ತೋರುವುದಿಲ್ಲ ಎಂದು ದೂರುವುದರಲ್ಲಿ ಅರ್ಥವಿಲ್ಲ. ಭಾಷೆಯ ಮಾತೂ ಇದೆ. ಕಾಯಿಲೆ ಹೆಚ್ಚಿದಂತೆ ಆಮೇಲೆ ಕಲಿತ ಭಾಷೆ ಹಿಂದೆ ಸರಿದು ಬಾಲ್ಯದ ಭಾಷೆ ಮುಂದೆ ಬರುವುದುಂಟು. ಕನ್ನಡ, ದಖ್ಖನಿ ಉರ್ದು, ತಮಿಳು, ತೆಲುಗು ಒಂದೇ ಬೀದಿಯಲ್ಲಿ ಕೇಳುವ ಆರ್.ಟಿ. ನಗರದಲ್ಲಿ, ಹಾಡನ್ನೋ ಮಾತಿನ ಜೊತೆಗಾರರನ್ನೋ ಆರಿಸುವಾಗ ಇದನ್ನು ಗಮನಿಸದೆ ವಿಧಿಯಿಲ್ಲ.

ಎಚ್ಚರಿಕೆಗಳೂ ಇವೆ. ಕೈಗೆ ಸಿಕ್ಕಿದ್ದನ್ನು ಬಾಯಿಗಿಡುವ ಹಂತದಲ್ಲಿ ಕಾಳು, ಮಣಿ, ಸ್ಕ್ರೂ ಅಪಾಯ. ಒಲೆ, ಚಾಕು ಜೊತೆಗಾರರಿಲ್ಲದೆ ಬೇಡ. ಸಂಜೆಯಾಗುತ್ತಲೇ ಕಳವಳ ಏರುವವರಿಗೆ ಹೊಸ ಕೆಲಸವನ್ನು ಬೆಳಗಿನ ಹೊತ್ತಿಗೇ ಇಟ್ಟುಕೊಳ್ಳುವುದು ವಾಸಿ.

ಪುರಾವೆ ಎಷ್ಟು, ನಿರೀಕ್ಷೆ ಎಷ್ಟು

ಚಟುವಟಿಕೆಯಿಂದ ಕಾಯಿಲೆ ವಾಸಿಯಾಗುತ್ತದೆ ಎಂದು ಮಾರುವವರ ಮಾತನ್ನು ದೂರವಿಡಬೇಕು. ಬ್ರಿಟನ್ನಿನಲ್ಲಿ ರೂಪುಗೊಂಡು 2003ರಲ್ಲಿ ಫಲಿತಾಂಶ ಪ್ರಕಟವಾದ ಗುಂಪು ಚಟುವಟಿಕೆಯ ವಿಧಾನವೊಂದು ಏಳು ವಾರ, ವಾರಕ್ಕೆ ಎರಡರಂತೆ 14 ಬೈಠಕ್‌ಗಳದ್ದು. ಆರಂಭಿಕ ಮತ್ತು ಮಧ್ಯಮ ಹಂತದ ಡಿಮೆನ್ಶಿಯಾದಲ್ಲಿ ಅದು ಗ್ರಹಣಶಕ್ತಿ ಮತ್ತು ಬದುಕಿನ ಗುಣಮಟ್ಟ ಎರಡನ್ನೂ ತುಸು ಸುಧಾರಿಸಿತು. ಚೆನ್ನೈನಲ್ಲಿ ಅದನ್ನು ತಮಿಳಿಗೆ ಒಗ್ಗಿಸಿಯೂ ನೋಡಿದ್ದಾರೆ. ಲಾಭ ಸಾಧಾರಣ; ಆದರೆ ಈ ಕಾಯಿಲೆಯಲ್ಲಿ ಮಾತ್ರೆಗಳ ಲಾಭವೂ ಸಾಧಾರಣವೇ. 2024ರ ಲ್ಯಾನ್ಸೆಟ್ ಆಯೋಗ ಹೆಸರಿಸಿದ, ತಡೆಯಬಹುದಾದ 14 ಅಪಾಯಕಾರಿ ಅಂಶಗಳಲ್ಲಿ ಕಿವಿ ಕೇಳಿಸದಿರುವುದು, ದೃಷ್ಟಿ ಕುಂದುವುದು, ಒಂಟಿತನದ ಬದುಕು ಮೂರೂ ಇವೆ. ಕನ್ನಡಕ, ಶ್ರವಣಯಂತ್ರ ಸರಿಯಿಲ್ಲದವರಿಗೆ ಯಾವ ಚಟುವಟಿಕೆಯೂ ಹಿಡಿಸದು ಎಂಬ ಸರಳ ಸಂಗತಿ ಇಲ್ಲಿ ನೆನಪಿಡಬೇಕಾದ್ದು.

‘ನೀವು ಸುಮ್ನೆ ಕೂತ್ಕೊಳ್ಳಿ ಅತ್ತೆ’

ನಮ್ಮ ಸಮಾಜದಲ್ಲಿ ಅಡ್ಡಿ ಬಹುಪಾಲು ಪ್ರೀತಿಯ ರೂಪದಲ್ಲೇ ಬರುತ್ತದೆ. ವಯಸ್ಸಾದವರ ಕೈಯಿಂದ ಕೆಲಸ ಕಿತ್ತುಕೊಳ್ಳುವುದೇ ಗೌರವ. ಅತ್ತೆ ಸೊಪ್ಪು ಬಿಡಿಸುತ್ತಾ ಕೂತಿದ್ದರೆ, ‘ಈ ವಯಸ್ಸಲ್ಲೂ ಅವರ ಕೈಲಿ ಮಾಡಿಸ್ತಾಳಲ್ಲ’ ಎಂದು ಪಕ್ಕದ ಮನೆಯವರು ಸೊಸೆಯನ್ನೇ ಆಡಿಕೊಳ್ಳುತ್ತಾರೆ. ಮಗನನ್ನು ಆಡಿಕೊಳ್ಳುವವರು ಕಡಿಮೆ ಎಂಬುದು ಬೇರೆ ಮಾತು. ಹೀಗಾಗಿ ಬಟ್ಟಲು ಎತ್ತಿಡುವುದರಿಂದ ಬೆಲ್ಟು ಬಿಗಿಯುವವರೆಗೆ ಇನ್ನೂ ಮಾಡಬಲ್ಲ ಕೆಲಸಗಳೂ ಒಂದೊಂದಾಗಿ ಕೈತಪ್ಪುತ್ತವೆ. ಬೇಗ ಮುಗಿಯಲಿ ಎಂಬ ಅವಸರವೂ ಅದರಲ್ಲಿ ಸೇರಿರುತ್ತದೆ.

ಇನ್ನೊಂದು ಪಕ್ಷದ ಮಾತಿಗೂ ತೂಕವಿದೆ. ಜೀವಮಾನವಿಡೀ ದುಡಿದವರಿಗೆ ಸುಮ್ಮನೆ ಕೂರುವ ಹಕ್ಕು ಇಲ್ಲವೇ? ಜಪ, ಕಿಟಕಿಯ ಬಳಿಯ ಮೌನ, ಮಧ್ಯಾಹ್ನದ ತೂಕಡಿಕೆ ಇವೆಲ್ಲ ಖಾಲಿ ಹೊತ್ತು ಎಂದು ತೀರ್ಮಾನಿಸಲು ನಾವು ಯಾರು? ಗಂಟೆಗೊಂದು ಚಟುವಟಿಕೆ ಎಂದು ಗೋಡೆಗೆ ವೇಳಾಪಟ್ಟಿ ಅಂಟಿಸುವ ವಸತಿ ಕೇಂದ್ರಗಳನ್ನು ನೋಡಿದರೆ ಈ ಆಕ್ಷೇಪ ಇನ್ನಷ್ಟು ನಿಜವೆನಿಸುತ್ತದೆ. ಬೇಡ ಎನ್ನುವವರನ್ನು ಬಿಡಬೇಕು. ಆದರೆ ಬೇಡ ಎನ್ನುವ ಅವಕಾಶ ಸಿಗಬೇಕಾದರೂ ಮುಂದೆ ಏನಾದರೂ ಒಂದು ಇರಬೇಕು. ಹಾಗಿರುವ ಮನೆಗಳು ಕಡಿಮೆ.

ಯಾರ ಹೊತ್ತು, ಯಾರ ಹಣ

ಇಷ್ಟನ್ನೂ ಮನೆಯವರೇ ಮಾಡಲಿ ಎನ್ನುವುದು ಸುಲಭ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, 15ರಿಂದ 59 ವಯಸ್ಸಿನ ಮಹಿಳೆಯರಲ್ಲಿ ಶೇ 41ರಷ್ಟು ಜನ ಮನೆಯವರ ಆರೈಕೆಯಲ್ಲಿ ತೊಡಗಿ ದಿನಕ್ಕೆ ಸುಮಾರು 140 ನಿಮಿಷ ಕೊಡುತ್ತಾರೆ. ಪುರುಷರಲ್ಲಿ ಹಾಗೆ ತೊಡಗುವವರು ಶೇ 21.4, ಸಮಯ ಸುಮಾರು 74 ನಿಮಿಷ. ಮಕ್ಕಳ ಆರೈಕೆಯೂ ಇದರಲ್ಲೇ ಸೇರಿದೆ. ಅವರೆಕಾಳಿನ ಮುಂದೆ ಅತ್ತೆಯ ಜೊತೆ ಒಂದು ಗಂಟೆ ಕೂರುವ ಹೊತ್ತು ಎಲ್ಲಿಂದ ಬರಬೇಕು?

ಸಂಬಳಕ್ಕೆ ಇಟ್ಟುಕೊಂಡವರಿಂದ ಅದನ್ನು ನಿರೀಕ್ಷಿಸುವುದೂ ಕಷ್ಟ. ಹನ್ನೆರಡು ಗಂಟೆಯ ಪಾಳಿ. ಮಾತಾಗಿರುವುದು ಸ್ನಾನ, ಡಯಾಪರ್, ಮಾತ್ರೆಯ ಬಗ್ಗೆ. ಎಷ್ಟೋ ಸಲ ಅವರು ಬೇರೆ ರಾಜ್ಯದ ಹುಡುಗಿಯರು, ಅಜ್ಜಿಯ ಭಾಷೆ ಬಾರದು. ಅಜ್ಜಿಯನ್ನು ಅಂಗಳಕ್ಕೆ ಕರೆದೊಯ್ದು ಎಡವಿದರೆ ಕೆಲಸ ಹೋಗುವುದು ಅವರದ್ದು. ಕೂರಿಸಿ ಟಿ.ವಿ. ಹಾಕುವುದು ಅವರ ಮಟ್ಟಿಗೆ ಲೆಕ್ಕಾಚಾರದ ತೀರ್ಮಾನ.

ಸರ್ಕಾರದ ನೆರವು ಅಲ್ಲಲ್ಲಿ ಚದುರಿದೆ. 2024–25ರ ರಾಜ್ಯ ಬಜೆಟ್ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಘೋಷಿಸಿತು. ಡಿಮೆನ್ಶಿಯಾ ಆ ಪಟ್ಟಿಯಲ್ಲಿರಲಿಲ್ಲ. ಬೌದ್ಧಿಕ ಅಂಗವೈಕಲ್ಯದವರಿಗೆ ಹಗಲು ಆರೈಕೆ ಕೇಂದ್ರದ ಯೋಜನೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯ ವ್ಯವಸ್ಥೆಯಲ್ಲೇ ಇದೆ. ಸ್ವಯಂಸೇವಾ ಸಂಸ್ಥೆಗಳ ಮೂಲಕ ನಡೆಯುವ ಹಿರಿಯರ ಹಗಲು ಯೋಗಕ್ಷೇಮ ಕೇಂದ್ರಗಳೂ ಇವೆ. ಅಲ್ಲಿಗೆ ಹೋಗಬಲ್ಲವರು ಬಹುಮಟ್ಟಿಗೆ ನಡೆದಾಡುವವರು, ತಮ್ಮ ಕೆಲಸ ತಾವೇ ಮಾಡಿಕೊಳ್ಳುವವರು. ಯಾರಿಗೆ ಹೆಚ್ಚು ಬೇಕೋ ಅವರೇ ಮೆಟ್ಟಿಲಿನ ಮೇಲ್ತುದಿಯಲ್ಲಿ ಉಳಿಯುತ್ತಾರೆ.

2025ರ ಸೆಪ್ಟೆಂಬರ್‌ನಲ್ಲಿ ಮಹಾನಗರ ಪಾಲಿಕೆ ಐದಾಗಿ ಒಡೆದು, ಉತ್ತರಕ್ಕೆ ತನ್ನದೇ ನಗರ ಪಾಲಿಕೆ ಬಂದಿದೆ. ವಾರ್ಡಿಗೊಂದು ದೊಡ್ಡ ಕಟ್ಟಡ ಬೇಕೆಂದಿಲ್ಲ. ಹಗಲಲ್ಲಿ ಬೀಗ ಹಾಕಿರುವ ಸಮುದಾಯ ಭವನದ ನೆಲಮಹಡಿಯ ಒಂದು ಕೋಣೆ, ಪಾಶ್ಚಾತ್ಯ ಶೈಲಿಯ ಶೌಚಾಲಯ, ತರಬೇತಿ ಪಡೆದ ಇಬ್ಬರು, ಹತ್ತಿರದ ಬೀದಿಗಳಿಂದ ಹದಿನೈದು ಜನರನ್ನು ಕರೆತರುವ ವಾಹನ ಸಾಕು. ಈ ನಾಲ್ಕರಲ್ಲಿ ಅಂದಾಜುಪಟ್ಟಿಯಿಂದ ಮೊದಲು ಬಿಟ್ಟುಹೋಗುವ ಸಾಧ್ಯತೆ ಇರುವುದು ವಾಹನ. ಡೀಸೆಲ್ಲು, ಚಾಲಕರ ಸಂಬಳ ಪ್ರತಿ ತಿಂಗಳ ಖರ್ಚು. ಉದ್ಘಾಟನೆಯ ಫೋಟೊದಲ್ಲಿ ಅದು ಕಾಣುವುದಿಲ್ಲ. ಅದಿಲ್ಲದೆ ಹೋದರೆ, ಕೋಣೆ ತುಂಬುವುದು ಈಗಾಗಲೇ ಬೆಳಗಿನ ಪಾರ್ಕಿನಲ್ಲಿ ಸೇರುತ್ತಿರುವ ಅದೇ ಜನರಿಂದ.